ಇನ್ನು ಮುಂದೆ ಶನಿವಾರ, ಭಾನುವಾರ ಮಾತ್ರ ತಿಗರಿ ತಿರುಗುತ್ತದೆ

ಆತ್ಮೀಯ ಗ್ರಾಹಕರೇ,

ಮುಂದಿನ ತಿಂಗಳ ಮೊದಲ ಸೋಮವಾರದಿಂದ ನಾನು ಒಂದು ಕಾಲೇಜಿಗೆ ಮೇಷ್ಟ್ರಾಗಿ ಹೋಗುತ್ತಿದ್ದೇನೆ. ಸೆರಾಮಿಕ್ಸ್ ಪಾಠ, ವಾರಕ್ಕೆ ಐದು ದಿನ. ಕಾರ್ಯಾಗಾರ ಮುಚ್ಚುವುದಿಲ್ಲ. ಆದರೆ ಇಷ್ಟು ದಿನ ನಾಲ್ಕು ವಾರಕ್ಕೆ ಸಿಗುತ್ತಿದ್ದ ಕಪ್, ಬಟ್ಟಲು, ಜಾಡಿಗಳಿಗೆ ಇನ್ನು ಹತ್ತು ವಾರ ಕಾಯಬೇಕಾಗುತ್ತದೆ. ಈಗಾಗಲೇ ಮುಂಗಡ ಕೊಟ್ಟವರ ಕೆಲಸವನ್ನೇ ಮೊದಲು ಮುಗಿಸುತ್ತೇನೆ. ಅಷ್ಟು ಕಾಯಲು ಆಗದವರು ಒಂದು ಮಾತು ತಿಳಿಸಿ, ಮುಂಗಡ ಪೂರ್ತಿ ವಾಪಸ್ ಕೊಡುತ್ತೇನೆ. ಬೆಲೆ ಹಾಗೇ ಇರುತ್ತದೆ.

ಹತ್ತು ವಾರ ಯಾಕೆ ಅಂತ ಕೇಳುವುದು ನ್ಯಾಯವೇ. ಒಂದು ಕಪ್ ತಿಗರಿಯ ಮೇಲೆ ಏಳಲು ಐದು ನಿಮಿಷ ಸಾಕು. ಆಮೇಲೆ ಅದು ತನ್ನ ಪಾಡಿಗೆ ಆರಬೇಕು. ಮರುದಿನವೋ ಅದರಾಚೆ ದಿನವೋ ಮಣ್ಣು ದಪ್ಪ ಚರ್ಮದ ಹದಕ್ಕೆ ಬರುತ್ತದೆ. ಎತ್ತಿದರೆ ಆಕಾರ ಕೆಡುವುದಿಲ್ಲ, ಆದರೆ ಉಗುರು ಒತ್ತಿದರೆ ಗುರುತು ಬೀಳುತ್ತದೆ. ತಳ ಕೆತ್ತುವುದು, ಹಿಡಿ ಅಂಟಿಸುವುದು ಆಗಲೇ ಆಗಬೇಕು. ಹೊತ್ತು ಮೀರಿದರೆ ಹಸಿ ಹಿಡಿ ಒಂದು ವೇಗದಲ್ಲಿ ಕುಗ್ಗುತ್ತದೆ, ಆರಿದ ಕಪ್ ಇನ್ನೊಂದು ವೇಗದಲ್ಲಿ. ಅವೆರಡೂ ಸೇರುವ ಕಡೆ ಬಿರುಕು ಬಿಡುತ್ತದೆ. ನಾನು ಬಳಸುವ ಮಣ್ಣು ಹಸಿಯಿಂದ ಸುಟ್ಟು ಹೊರಬರುವಷ್ಟರಲ್ಲಿ ಶೇ. 12ರಷ್ಟು ಕುಗ್ಗುತ್ತದೆ. ನಿಮ್ಮ ಹತ್ತಿರ ಇರುವ 10 ಸೆಂ.ಮೀ. ಕಪ್ ತಿಗರಿಯ ಮೇಲೆ ಹೆಚ್ಚು ಕಡಿಮೆ 11.4 ಸೆಂ.ಮೀ. ಇತ್ತು.

ಭಾನುವಾರ ಮಾಡಿದ್ದು ಸೋಮವಾರ ಹದಕ್ಕೆ ಬರುತ್ತದೆ. ಸೋಮವಾರ ನಾನು ಕ್ಲಾಸಿನಲ್ಲಿರುತ್ತೇನೆ.

ಇದಕ್ಕೆ ಒಂದು ಹಳೆಯ ಉಪಾಯ ಇದೆ. ದೊಡ್ಡ ಪ್ಲಾಸ್ಟಿಕ್ ಡಬ್ಬದ ತಳಕ್ಕೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದು, ಅದು ಗಟ್ಟಿಯಾದ ಮೇಲೆ ನೀರು ಕುಡಿಸಿ ಮುಚ್ಚಳ ಹಾಕಿದರೆ, ಒಳಗಿಟ್ಟ ಮಣ್ಣು ವಾರ ಕಳೆದರೂ ಹದ ಬಿಡುವುದಿಲ್ಲ. ಅಂಥ ಆರು ಡಬ್ಬ ಮಾಡಿಟ್ಟಿದ್ದೇನೆ. ಅಂದರೆ ಈ ವಾರ ಎದ್ದ ಕಪ್‌ಗೆ ಹಿಡಿ ಸೇರುವುದು ಮುಂದಿನ ಶನಿವಾರ.

ಆಮೇಲೆ ಸುಡುವ ಕೆಲಸ. ಮೊದಲ ಸಲ ಸುಮಾರು 1,000 ಡಿಗ್ರಿ ಸೆಲ್ಸಿಯಸ್, ಗ್ಲೇಜ್ (ಸುಟ್ಟಾಗ ಗಾಜಿನಂತಾಗುವ ಲೇಪ) ಹಚ್ಚಿದ ಮೇಲೆ 1,240ರವರೆಗೆ. 573 ಡಿಗ್ರಿಯ ಹತ್ತಿರ ಮಣ್ಣಿನಲ್ಲಿರುವ ಕ್ವಾರ್ಟ್ಜ್ ಹರಳು ದಿಢೀರನೆ ಹಿಗ್ಗುತ್ತದೆ. ತಣಿಯುವಾಗ ಅಷ್ಟೇ ದಿಢೀರನೆ ಕುಗ್ಗುತ್ತದೆ. ಆಗ ಆವಿಗೆಯ, ಅಂದರೆ ಸುಡುವ ಗೂಡಿನ, ಬಾಗಿಲು ಸಂದು ಬಿಟ್ಟು ತಣ್ಣನೆ ಗಾಳಿ ನುಗ್ಗಿದರೆ ಮುಗಿಯಿತು, ಒಳಗಿಂದ ಟಿಂಗ್ ಅಂತ ಸದ್ದು ಬರುತ್ತದೆ. ಆ ಸದ್ದು ನನಗೆ ಚೆನ್ನಾಗಿ ಗೊತ್ತು. ಒಮ್ಮೆ ಅವಸರಪಟ್ಟು ತಿಂಗಳ ದುಡಿಮೆ ಕಳೆದುಕೊಂಡಿದ್ದೇನೆ. ಯಾರೂ ಇಲ್ಲದಾಗ ಆವಿಗೆ ಉರಿಯಲು ಬಿಡುವುದೂ ನನಗೆ ಇಷ್ಟವಿಲ್ಲ. ಹಾಗಾಗಿ ಶುಕ್ರವಾರ ರಾತ್ರಿ ಶುರು ಮಾಡಿ ಭಾನುವಾರ ಸಂಜೆ ತೆರೆಯುತ್ತೇನೆ. ಇರುವುದು ಒಂದೇ ಆವಿಗೆ, ವಾರಕ್ಕೆ ಒಂದೇ ಸಲ. ಪ್ರತಿ ಕಪ್ ಅದರೊಳಗೆ ಎರಡು ಸಲ ಹೋಗಬೇಕು.

ಅಗಲವಾದ ತಟ್ಟೆಗಳನ್ನು ಸದ್ಯಕ್ಕೆ ನಿಲ್ಲಿಸುತ್ತಿದ್ದೇನೆ. ತಟ್ಟೆಯ ಅಂಚು ಮೊದಲು ಆರುತ್ತದೆ, ನಡುಭಾಗ ಕೊನೆಗೆ. ದಿನಕ್ಕೆರಡು ಸಲ ನೋಡಿ, ಅಂಚಿಗೆ ಪ್ಲಾಸ್ಟಿಕ್ ಸುತ್ತಿ, ಸಮಯ ನೋಡಿ ಮಗುಚಿ ಹಾಕದಿದ್ದರೆ ಸೊಟ್ಟಗಾಗುತ್ತದೆ, ಇಲ್ಲವೇ ಸೀಳುತ್ತದೆ. ಡಬ್ಬದ ಉಪಾಯ ಇಲ್ಲಿ ನಡೆಯುವುದಿಲ್ಲ. ಕಾಲೇಜಿಗೆ ರಜೆ ಬಂದಾಗ ಮಾಡುತ್ತೇನೆ. ಬೇಕಾದವರು ಈಗಲೇ ಹೆಸರು ಬರೆಸಿ, ಮುಂಗಡ ಬೇಡ.

ಬೇರೆ ಯಾರನ್ನಾದರೂ ಇಟ್ಟುಕೊಂಡು ನಿಮ್ಮ ಮುದ್ರೆ ಒತ್ತಿದರೆ ಆಗಲ್ವಾ ಅಂತ ಕೆಲವರು ಕೇಳಿದ್ದಾರೆ. ಗ್ರಾಹಕರಿಗೆ ಹೇಳಿ ಮಾಡಿದರೆ ಅದು ತಪ್ಪೇನಲ್ಲ. ನನಗೆ ಮಾತ್ರ ಮನಸ್ಸು ಬರುತ್ತಿಲ್ಲ. ಮುಂದೆ ಯಾರಾದರೂ ಇಲ್ಲಿ ಕೂತು ಕೆಲಸ ಮಾಡಿದರೆ ತಳದಲ್ಲಿ ಅವರ ಗುರುತೇ ಇರುತ್ತದೆ, ಕೂಲಿಯೂ ಅವರಿಗೆ. ಕಾಲೇಜಿನ ಆವಿಗೆಯಲ್ಲಿ ನಿಮ್ಮ ಆರ್ಡರ್ ಸುಡುವುದಿಲ್ಲ. ಅದು ವಿದ್ಯಾರ್ಥಿಗಳದ್ದು.

ಹೋಗುತ್ತಿರುವುದಾದರೂ ಯಾಕೆ? ತಿಂಗಳ ಸಂಬಳದ ಆಸೆ ಇಲ್ಲ ಅಂತ ಸುಳ್ಳು ಹೇಳಲಾರೆ. ಭುಜ ಕೂಡ ಮೊದಲಿನ ಹಾಗಿಲ್ಲ. ಇನ್ನೊಂದು ಕಾರಣವೂ ಇದೆ. ಕೆಲಸಕ್ಕೆ ಸೇರಿಸಿಕೊಳ್ಳುವ ಮೊದಲು ಒಂದು ಮಾದರಿ ಪಾಠ ಮಾಡಿಸಿದರು. ಕಪ್‌ನ ಗೋಡೆ ಎಳೆದು ತೋರಿಸುತ್ತಿದ್ದೆ. ಎಳೆಯುವುದನ್ನು ಯಾವಾಗ ನಿಲ್ಲಿಸಬೇಕು ಅಂತ ಹೇಗೆ ಗೊತ್ತಾಗುತ್ತೆ ಸರ್ ಅಂತ ಒಬ್ಬ ಹುಡುಗಿ ಕೇಳಿದಳು. ಕೈಗೆ ಗೊತ್ತಾಗುತ್ತೆ ಅಂದೆ. ಅವಳು ಸುಮ್ನೆ ತನ್ನ ಕೈ ನೋಡಿಕೊಂಡಳು.

ಆ ವಾರ ಹತ್ತು ಕಪ್ ಎತ್ತಿ, ಹಸಿಯಾಗಿದ್ದಾಗಲೇ ತಂತಿಯಿಂದ ನೆಟ್ಟಗೆ ಸೀಳಿ ನೋಡಿದೆ. ಹೊಸಬರಿಗೆ ಹೇಳಿಕೊಡುವ ಮೊದಲ ಪರೀಕ್ಷೆ ಅದು. ನಾನು ಮಾಡಿ ಎಷ್ಟೋ ವರ್ಷವಾಗಿತ್ತು. ತಳದಿಂದ ಎರಡು ಬೆರಳು ಮೇಲಿನವರೆಗೆ ಗೋಡೆ ನಾನು ಅಂದುಕೊಂಡದ್ದಕ್ಕಿಂತ ದಪ್ಪ ಇತ್ತು, ಹತ್ತರಲ್ಲೂ. ಇಷ್ಟು ದಿನ ಅದರಲ್ಲಿ ಅರ್ಧ ಕೆತ್ತಿ ತೆಗೆಯುತ್ತಿದ್ದೆ, ಉಳಿದರ್ಧ ನಿಮ್ಮ ಮನೆಗೆ ಬರುತ್ತಿತ್ತು. ಈಗ ತಳದಲ್ಲಿ ಇನ್ನೊಂದು ಸಲ ಬೆರಳು ಒತ್ತಿ ಮಣ್ಣು ಮೇಲಕ್ಕೆ ತರುತ್ತಿದ್ದೇನೆ.

ಹಾಗಾಗಿ ಹೊಸ ಕಪ್‌ಗಳು ಸ್ವಲ್ಪ ಹಗುರವಾಗಿ ಬರುತ್ತವೆ. ಹಳೆಯ ಜೋಡಿಗೆ ಹೊಂದಿಸಲು ಹಳೆಯ ತೂಕದ್ದೇ ಬೇಕು ಅನ್ನುವವರು ಆರ್ಡರ್ ಜೊತೆ ಬರೆದುಬಿಡಿ, ಹಾಗೇ ಮಾಡಿಕೊಡುತ್ತೇನೆ. ಕ್ಲಾಸಿನ ಹೊತ್ತಿನಲ್ಲಿ ಫೋನ್ ಎತ್ತುವುದಿಲ್ಲ, ಸಂಜೆ ಉತ್ತರ ಬರುತ್ತದೆ. ಶನಿವಾರ ಬಂದರೆ ಬಾಗಿಲು ತಟ್ಟಬೇಡಿ, ಕೈ ಮಣ್ಣಾಗಿರುತ್ತದೆ. ನೀವೇ ತಳ್ಳಿಕೊಂಡು ಒಳಗೆ ಬನ್ನಿ.

ನಿಮ್ಮ,
ಕಾರ್ಯಾಗಾರದವನು