ಲ್ಯಾಪ್‌ಟಾಪ್ ಗುಜರಿಗೆ ಹೋಗಲಿ, ಹಾರ್ಡ್ ಡಿಸ್ಕ್ ಮನೆಯಲ್ಲಿರಲಿ

ಮಾನ್ಯ ಸಂಪಾದಕರೇ,

ವಿಂಡೋಸ್ 10ಕ್ಕೆ ಸಿಗುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಲು ಬಾರದ ಲ್ಯಾಪ್‌ಟಾಪ್‌ಗಳು ಎಕ್ಸ್‌ಚೇಂಜ್‌ಗೋ ಗುಜರಿಗೋ ಹೋಗುತ್ತಿವೆ, ಒಳಗಿನ ಹಾರ್ಡ್ ಡಿಸ್ಕ್ ಸಮೇತ. ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ಹಾಕಿಸಿಕೊಳ್ಳುವವರೂ ಕೇಳಿ ಪಡೆಯದಿದ್ದರೆ ಹಳೆ ಡಿಸ್ಕ್ ಅಂಗಡಿಯಲ್ಲೇ ಉಳಿದುಬಿಡುತ್ತದೆ. ಮನೆಯವರ ಫೋಟೊ, ಆಧಾರ್ ಪ್ರತಿ, ಬ್ಯಾಂಕ್ ಕಾಗದಗಳೆಲ್ಲ ಇರುವ ವಸ್ತು ಅದು. ಐನೂರು ರೂಪಾಯಿ ಆಸುಪಾಸಿನ ಒಂದು ಕೇಸ್ (ಯುಎಸ್‌ಬಿ ವೈರ್ ಜೋಡಿಸುವ ಡಬ್ಬಿ) ಹಾಕಿದರೆ ಅದೇ ಡಿಸ್ಕ್ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಆಗಿ ಇನ್ನೂ ಕೆಲವು ವರ್ಷ ದುಡಿಯಬಲ್ಲದು.

ಲ್ಯಾಪ್‌ಟಾಪ್ ಇನ್ನೂ ಆನ್ ಆಗುತ್ತಿದ್ದರೆ ಬಿಚ್ಚುವ ಮೊದಲೇ ಮಾಡಬೇಕಾದ ಕೆಲಸಗಳಿವೆ. ಮೊದಲನೆಯದು ಬಿಟ್‌ಲಾಕರ್, ಅಂದರೆ ಕೀ ಇಲ್ಲದೆ ಯಾರೂ ಓದದಂತೆ ಡಿಸ್ಕ್‌ಗೆ ಬೀಗ ಹಾಕುವ (ಎನ್‌ಕ್ರಿಪ್ಟ್ ಮಾಡುವ) ವಿಂಡೋಸ್ ಸೌಲಭ್ಯ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತನ್ನಷ್ಟಕ್ಕೆ ಎನ್‌ಕ್ರಿಪ್ಟ್ ಆಗಿರುತ್ತದೆ; ಅದು ಮಾಲೀಕರಿಗೆ ಗೊತ್ತಾಗುವುದು ಡಿಸ್ಕ್ ಹೊರಬಂದು 48 ಅಂಕಿಯ ಕೀ ಕೇಳಿದಾಗಲೇ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್ ಮಾಡಿ, ಡಿಕ್ರಿಪ್ಷನ್ (ಬೀಗ ತೆಗೆಯುವ ಕೆಲಸ) ಪೂರ್ತಿ ಮುಗಿಯುವವರೆಗೆ ಕಾಯಬೇಕು. ಲ್ಯಾಪ್‌ಟಾಪ್ ಸತ್ತೇಹೋಗಿದ್ದರೆ ಮೈಕ್ರೋಸಾಫ್ಟ್ ಖಾತೆಯೊಳಗೆ ರಿಕವರಿ ಕೀ ಹುಡುಕಬಹುದು. ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಸೆಟಪ್) ಹಾರ್ಡ್ ಡಿಸ್ಕ್ ಪಾಸ್‌ವರ್ಡ್ ಇಟ್ಟಿದ್ದರೆ ಅದನ್ನೂ ಅಲ್ಲೇ ತೆಗೆಯಿರಿ. ಕೊನೆಯ ಸಲ ಶಿಫ್ಟ್ ಕೀ ಒತ್ತಿಹಿಡಿದು ಶಟ್‌ಡೌನ್ ಮಾಡಿ. ಸುಮ್ಮನೆ ಶಟ್‌ಡೌನ್ ಕೊಟ್ಟರೆ ಫಾಸ್ಟ್ ಸ್ಟಾರ್ಟಪ್ (ಬೇಗ ಆನ್ ಆಗಿಸುವ ಸೌಲಭ್ಯ) ದೆಸೆಯಿಂದ ವಿಂಡೋಸ್ ಅರೆನಿದ್ದೆಯಲ್ಲಿರುತ್ತದೆ. ಆ ಡಿಸ್ಕ್ ಅನ್ನು ವಿಂಡೋಸ್ ಬದಲು ಬಳಸುವ ಲಿನಕ್ಸ್ ಓದುತ್ತದೆಯೇ ಹೊರತು ಬರೆಯಲು ಬಿಡುವುದಿಲ್ಲ.

ಬಿಚ್ಚುವಾಗ ಚಾರ್ಜರ್ ತೆಗೆದು, ಬ್ಯಾಟರಿ ಕನೆಕ್ಟರ್ ಕಳಚಿದ ಮೇಲಷ್ಟೇ ಡಿಸ್ಕ್‌ಗೆ ಕೈಹಾಕಿ. ಡಿಸ್ಕ್ ಅನ್ನು ಮೇಲಕ್ಕೆತ್ತಬಾರದು, ಕನೆಕ್ಟರ್‌ನಿಂದ ಅಡ್ಡಕ್ಕೆ ಜಾರಿಸಬೇಕು. ಕೇಸ್ ಕೊಳ್ಳುವಾಗ '2.5 ಇಂಚು, ಸಾಟಾ, ಯುಎಸ್‌ಬಿ 3.0' ಎಂದು ಮೂರನ್ನೂ ಹೇಳಿ (ಸಾಟಾ ಎಂದರೆ ಡಿಸ್ಕ್ ಜೋಡಣೆಯ ಒಂದು ಬಗೆ). ದಪ್ಪವನ್ನೂ ಅಳೆಯಿರಿ: 7 ಮಿ.ಮೀ. ಡಿಸ್ಕ್ ದಪ್ಪ ಕೇಸಿನಲ್ಲಿ ಕೂರುತ್ತದೆ, ಅಲುಗಾಡದಂತೆ ಒಂದು ತುಂಡು ಫೋಮ್ ಸಾಕು, 9.5 ಮಿ.ಮೀ. ಡಿಸ್ಕ್ ತೆಳು ಕೇಸಿಗೆ ಹಿಡಿಸುವುದೇ ಇಲ್ಲ. ಉದ್ದ ಪಟ್ಟಿಯಂಥ ಎಂ.2 ಎಸ್‌ಎಸ್‌ಡಿಯಾದರೆ ಅದರ ಕೇಸೇ ಬೇರೆ. ತುದಿಯಲ್ಲಿ ಎರಡು ಕಚ್ಚು ಇದ್ದರೆ ಹೆಚ್ಚಾಗಿ ಸಾಟಾ, ಒಂದೇ ಇದ್ದರೆ ಹೆಚ್ಚಾಗಿ ಎನ್‌ವಿಎಂಇ ಎಂಬ ಇನ್ನೊಂದು ಬಗೆ. ಲೇಬಲ್ ಓದಿ ಖಚಿತ ಮಾಡಿಕೊಂಡೇ ಕೊಳ್ಳಿ. ಅಗ್ಗದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಫೈಲುಗಳನ್ನಿಡುವ ಸ್ಟೋರೇಜ್ ಮದರ್‌ಬೋರ್ಡ್‌ಗೇ ಬೆಸುಗೆಯಾಗಿರುತ್ತದೆ, ತೆಗೆಯಲು ಏನೂ ಇರುವುದಿಲ್ಲ.

'ಡಿಸ್ಕ್ ಹೋಗಿದೆ' ಎಂದು ತೀರ್ಪು ಕೊಡುವ ಮೊದಲು ಕರೆಂಟ್ ನೋಡಿ. ತಿರುಗಲು ಶುರು ಮಾಡುವ ಕ್ಷಣದಲ್ಲಿ ಡಿಸ್ಕ್‌ನ ಮೋಟರ್ 1 ಆಂಪಿಯರ್‌ವರೆಗೂ ಎಳೆಯುತ್ತದೆ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪಿಯರ್, 3.0 ಪೋರ್ಟ್ 900. ಹಳೆ ಡೆಸ್ಕ್‌ಟಾಪ್‌ನ ಮುಂಭಾಗದ ಪೋರ್ಟ್, ಪವರ್ ಇಲ್ಲದ ಹಬ್, ಟಿವಿ, ಉದ್ದನೆಯ ಅಗ್ಗದ ವೈರ್ ಇಲ್ಲೆಲ್ಲ ಅದು ಸಾಲದೆ ಡಿಸ್ಕ್ ಟಿಕ್ ಟಿಕ್ ಎನ್ನುತ್ತದೆ, ಕಾಣಿಸಿಕೊಂಡು ಮಾಯವಾಗುತ್ತದೆ. ಗಿಡ್ಡ ವೈರ್ ಹಾಕಿ, ಡೆಸ್ಕ್‌ಟಾಪ್ ಆದರೆ ಹಿಂಭಾಗದ ನೀಲಿ ಪೋರ್ಟಿಗೆ ಚುಚ್ಚಿ ನೋಡಿ. ಟಿವಿಗಾದರೆ ಅಡಾಪ್ಟರ್ ಇರುವ ಹಬ್ ಬೇಕು. ಆಗಲೂ ಟಿಕ್ ಟಿಕ್ ನಿಲ್ಲದಿದ್ದರೆ ದೋಷ ಹೆಚ್ಚಾಗಿ ಡಿಸ್ಕ್‌ನದೇ. ಅದರಲ್ಲಿ ಬೇಕಾದ ಡೇಟಾ ಇದ್ದರೆ ಮತ್ತೆ ಮತ್ತೆ ಆನ್ ಮಾಡಬೇಡಿ.

ಮೊದಲ ಸಲ ಚುಚ್ಚಿದಾಗ 'ಫಾರ್ಮ್ಯಾಟ್ ಮಾಡಬೇಕು' ಎಂದು ವಿಂಡೋಸ್ ಕೇಳಿದರೆ ಕ್ಯಾನ್ಸಲ್ ಒತ್ತಿ. ಡಿಸ್ಕ್ ಲಿನಕ್ಸ್‌ನದ್ದಾಗಿರಬಹುದು, ಫೈಲ್ ಸಿಸ್ಟಂ (ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಕೆಟ್ಟಿರಬಹುದು. ಸೆಕ್ಟರ್ (ಡಿಸ್ಕ್‌ನ ಜಾಗದ ಸಣ್ಣ ತುಂಡು) ಅಳತೆಯನ್ನು ಬೇರೆಯಾಗಿ ತೋರಿಸುವ ಕೇಸ್‌ಗಳೂ ಇವೆ. ನೇರವಾಗಿ ಇನ್ನೊಂದು ಕಂಪ್ಯೂಟರ್‌ನ ಸಾಟಾಗೆ ಜೋಡಿಸಿದರೆ ಫೈಲುಗಳು ಸಿಕ್ಕೇಬಿಡಬಹುದು. 500 ಜಿಬಿ ಡಿಸ್ಕ್ 465 ಎಂದು ಕಾಣುವುದು ದೋಷವಲ್ಲ, ವಿಂಡೋಸ್ ಎಣಿಸುವ ರೀತಿ.

ಡೇಟಾ ಬೇರೆಡೆ ನಕಲಾದ ಮೇಲೆ ಹಳೆ ಪಾರ್ಟಿಷನ್‌ಗಳನ್ನು (ಡಿಸ್ಕ್‌ನ ಭಾಗಗಳನ್ನು) ಅಳಿಸಬೇಕು. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಇಎಫ್‌ಐ (ವಿಂಡೋಸ್ ಶುರುವಾಗಲು ಬೇಕಾದ ಭಾಗ), ರಿಕವರಿ ಪಾರ್ಟಿಷನ್‌ಗಳು ಜಪ್ಪಯ್ಯ ಎಂದರೂ ಹೋಗುವುದಿಲ್ಲ. ಅದಕ್ಕೆ ವಿಂಡೋಸ್‌ನಲ್ಲೇ ಇರುವ ಡಿಸ್ಕ್‌ಪಾರ್ಟ್ ಎಂಬ ಸಾಧನದ 'ಕ್ಲೀನ್' ಆಜ್ಞೆ ಬೇಕು. ಆಜ್ಞೆ ಕೊಡುವ ಮುನ್ನ ಡಿಸ್ಕ್ ನಂಬರನ್ನು ಗಾತ್ರದೊಂದಿಗೆ ಎರಡು ಬಾರಿ ತಾಳೆ ನೋಡಿ. ನಂಬರ್ ತಪ್ಪಿದರೆ ಬೇರೆ ಡಿಸ್ಕ್ ಖಾಲಿಯಾಗಿಬಿಡಬಹುದು. ಆಮೇಲೆ ಜಿಪಿಟಿ (ಪಾರ್ಟಿಷನ್ ಪಟ್ಟಿಯ ಒಂದು ಬಗೆ) ಎಂದು ಇನಿಷಿಯಲೈಸ್ ಮಾಡಿ, ಫಾರ್ಮ್ಯಾಟ್‌ಗೆ ವಿಂಡೋಸ್‌ನಲ್ಲಿ ಮಾತ್ರ ಬಳಸುವುದಾದರೆ ಎನ್‌ಟಿಎಫ್‌ಎಸ್, ಮ್ಯಾಕ್‌ಗೂ ಬೇಕಿದ್ದರೆ ಎಕ್ಸ್‌ಫ್ಯಾಟ್ ಆಯ್ದುಕೊಳ್ಳಿ. ಫ್ಯಾಟ್32 ಬೇಡ, 4 ಜಿಬಿ ಮೀರಿದ ಫೈಲ್ ಅದರಲ್ಲಿ ನಿಲ್ಲದು. ಡಿಸ್ಕ್ ಬೇರೆಯವರ ಕೈಗೆ ಹೋಗುವುದಾದರೆ ಕ್ವಿಕ್ ಫಾರ್ಮ್ಯಾಟ್ ಸಾಲದು, ಅದು ಅಳಿಸುವುದು ಫೈಲುಗಳ ಪಟ್ಟಿಯನ್ನು ಮಾತ್ರ. ಹಾರ್ಡ್ ಡಿಸ್ಕ್‌ನಲ್ಲಿ ಪೂರ್ಣ ಫಾರ್ಮ್ಯಾಟ್ ಇಡೀ ಜಾಗಕ್ಕೆ ಸೊನ್ನೆ ಬರೆಯುತ್ತದೆ. 500 ಜಿಬಿಗೆ ಯುಎಸ್‌ಬಿ 3.0ನಲ್ಲಿ ಒಂದೂವರೆ ಎರಡು ಗಂಟೆ, 2.0ನಲ್ಲಿ ನಾಲ್ಕು ಗಂಟೆಗೂ ಹೆಚ್ಚು.

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ 05 (ಕೆಟ್ಟು ಬದಲಿಸಿದ ಸೆಕ್ಟರ್‌ಗಳು), ಸಿ5 (ಅನುಮಾನದ ಸೆಕ್ಟರ್‌ಗಳು), ಸಿ6 (ಸರಿಪಡಿಸಲಾಗದ ಸೆಕ್ಟರ್‌ಗಳು) ಈ ಮೂರು ಸಾಲುಗಳ 'ರಾ ವ್ಯಾಲ್ಯೂಸ್' ಅಂಕಣ ನೋಡಿ. ಮೂರೂ ಸೊನ್ನೆ ಇದ್ದರೆ ಒಳ್ಳೆಯದು. 05ರಲ್ಲಿ ಸಣ್ಣ ಸಂಖ್ಯೆ ಇದ್ದು ಏರದಿದ್ದರೆ ಸಿನಿಮಾ, ಹಾಡು ತುಂಬಲು ನಡೆಯುತ್ತದೆ. ಸಿ5 ದಿನೇ ದಿನೇ ಏರುತ್ತಿದ್ದರೆ ಅದರ ಮೇಲೆ ಆಸೆ ಬಿಡಿ. ಸಂಖ್ಯೆ ಎಷ್ಟೇ ಚೆನ್ನಾಗಿದ್ದರೂ ಮಗುವಿನ ಫೋಟೊಗಳ ಏಕೈಕ ಪ್ರತಿಯನ್ನು ಹಳೆ ಡಿಸ್ಕ್‌ನಲ್ಲಿಡುವುದು ನನ್ನ ಮಟ್ಟಿಗೆ ಒಪ್ಪುವ ಮಾತಲ್ಲ; ಎರಡನೆಯ ಪ್ರತಿಯಾಗಿ ಅದಕ್ಕಿಂತ ಅಗ್ಗದ್ದು ಸಿಗದು. ತಿರುಗುತ್ತಿರುವಾಗ ಅಲುಗಿಸಬೇಡಿ, ಇಜೆಕ್ಟ್ ಕೊಟ್ಟು ಸದ್ದು ನಿಂತ ಮೇಲೆ ತೆಗೆಯಿರಿ.

ಪೂರ್ತಿ ಸತ್ತ ಡಿಸ್ಕ್ ಒಡೆಯುವವರಿಗೆ ಒಂದು ಎಚ್ಚರಿಕೆ: 2.5 ಇಂಚಿನವುಗಳ ಒಳತಟ್ಟೆ ಹೆಚ್ಚಾಗಿ ಗಾಜಿನದು, ಸುತ್ತಿಗೆ ಬಿದ್ದರೆ ಚೂರುಗಳು ಸಿಡಿಯುತ್ತವೆ. ದಪ್ಪ ಬಟ್ಟೆಯಲ್ಲಿ ಸುತ್ತಿ, ಕಣ್ಣಿಗೆ ರಕ್ಷಣೆ ಇಟ್ಟುಕೊಂಡು ಒಡೆದು, ನೋಂದಾಯಿತ ಇ-ತ್ಯಾಜ್ಯ ಸಂಸ್ಕರಣೆಗಾರರಿಗೆ ಕೊಡಿ.

ರಿಪೇರಿ ಅಂಗಡಿಯವರಲ್ಲಿ ಒಂದು ಕೋರಿಕೆ. ಎಸ್‌ಎಸ್‌ಡಿ ಹಾಕಿದಾಗ ಹಳೆ ಡಿಸ್ಕ್‌ನ ಸೀರಿಯಲ್ ನಂಬರನ್ನು ಬಿಲ್‌ನಲ್ಲಿ ಬರೆದು, ಡಿಸ್ಕ್ ಅನ್ನು ಗಿರಾಕಿಯ ಕೈಗೇ ಕೊಡಿ. ಬೇಡ ಎಂದವರಿಂದ ಅದೇ ಬಿಲ್‌ನ ಮೇಲೆ ಸಹಿ ಹಾಕಿಸಿಕೊಳ್ಳಿ.

— ಕಂಪ್ಯೂಟರ್ ದುರಸ್ತಿಗಾರ, ಹುಬ್ಬಳ್ಳಿ