ಸಂಡೂರು ಗ್ರಾವೆಲ್ ರೇಸ್: ಸೈಕಲ್ ತಯಾರಿ

ಸಂಡೂರಿನ ಗ್ರಾವೆಲ್ ರೇಸಿಗೆ, ಅಂದರೆ ಜಲ್ಲಿ-ಮಣ್ಣಿನ ಕಾಡುದಾರಿಯ ಸೈಕಲ್ ರೇಸಿಗೆ, ಹೆಸರು ಕೊಟ್ಟವರ ಗಮನಕ್ಕೆ.

ಟೈರು 40 ಮಿ.ಮೀ.ಗಿಂತ ಸಣ್ಣದು ಬೇಡ. ಟ್ಯೂಬ್‌ಲೆಸ್ ಇದ್ದರೆ ಒಂದೊಂದಕ್ಕೂ ಸುಮಾರು 60 ಮಿ.ಲೀ. ಸೀಲೆಂಟ್ (ತೂತು ಮುಚ್ಚುವ ದ್ರವ) ಹಾಕಿ. ನಮ್ಮ ಬಿಸಿಲಿಗೆ ಎರಡು-ಮೂರು ತಿಂಗಳಲ್ಲೇ ಒಣಗುತ್ತೆ, ಹಳೆಯದನ್ನು ನಂಬಬೇಡಿ. ಗಾಳಿ ಬಿಟ್ಟು, ವಾಲ್ವ್ ಕೋರ್ (ವಾಲ್ವಿನ ಒಳಭಾಗ) ಬಿಚ್ಚಿ, ಜಿಪ್ ಟೈ (ತೆಳು ಪ್ಲಾಸ್ಟಿಕ್ ಪಟ್ಟಿ) ಇಳಿಸಿ ನೋಡಿ, ಒದ್ದೆಯಾಗಿ ಬರಬೇಕು. 70 ಕೆ.ಜಿ. ತೂಕದವರು ಗಾಳಿಯ ಒತ್ತಡ ಮುಂದೆ 30, ಹಿಂದೆ 33 ಪಿಎಸ್‌ಐನಿಂದ ಶುರು ಮಾಡಿ ನೋಡಿ. ಬಳ್ಳಾರಿ ಜಾಲಿ ಮುಳ್ಳು ಚುಚ್ಚಿ ದಾರಿಯಲ್ಲೇ ಟ್ಯೂಬ್ ಹಾಕಬೇಕಾಗಿ ಬಂದರೆ, ಮೊದಲು ಟೈರಿನ ಒಳಗೆ ಹುಷಾರಾಗಿ ಬೆರಳಾಡಿಸಿ ಎಲ್ಲ ಮುಳ್ಳನ್ನೂ ಕಿತ್ತುಹಾಕಿ. ಸೀಲೆಂಟ್ ಮುಚ್ಚಿಟ್ಟ ಹಳೇ ಮುಳ್ಳು ಹೊರಗಿನಿಂದ ಕಾಣಲ್ಲ, ಹೊಸ ಟ್ಯೂಬಿಗೂ ಅದೇ ಗತಿ.

ಚೈನಿಗೆ ಮೇಣದ ಲೂಬ್ ಮಾತ್ರ, ಅದೂ ಹಿಂದಿನ ರಾತ್ರಿಯೇ, ಒಣಗಬೇಕು. ಎಣ್ಣೆ ಹಚ್ಚಿದರೆ ಅದಿರಿನ ಕೆಂಪು ಧೂಳು ಅಂಟಿ ಗ್ರೈಂಡಿಂಗ್ ಪೇಸ್ಟ್ ಆಗಿ ಚೈನು, ಕ್ಯಾಸೆಟ್ (ಹಿಂದಿನ ಚಕ್ರದ ಹಲ್ಲುಗಾಲಿಗಳು) ಎರಡನ್ನೂ ತಿನ್ನುತ್ತೆ. ಬಿಡಿ ಡಿರೇಲರ್ ಹ್ಯಾಂಗರ್ (ಹಿಂದಿನ ಗೇರ್ ಬದಲಿಸುವ ಭಾಗವನ್ನು ಫ್ರೇಮಿಗೆ ಜೋಡಿಸುವ ಕೊಂಡಿ) ನಿಮ್ಮ ಫ್ರೇಮಿನದ್ದೇ ಇಟ್ಟುಕೊಳ್ಳಿ, ಪಕ್ಕದವರದ್ದು ಸಾಮಾನ್ಯವಾಗಿ ಕೂರಲ್ಲ.

ಒಂದು ಲೀಟರಿನ ಓಆರ್‌ಎಸ್ ಪೊಟ್ಟಣವನ್ನು 750 ಮಿ.ಲೀ. ಬಾಟಲಿಗೆ ಪೂರ್ತಿ ಸುರಿಯಬೇಡಿ. ಗಾಢವಾದರೆ ಹೊಟ್ಟೆ ಕೆಡುತ್ತೆ.

ಅರಣ್ಯ ಇಲಾಖೆ ಅನುಮತಿ ಇಲ್ಲದೆ ಅಭ್ಯಾಸಕ್ಕೆಂದು ಕಾಡೊಳಗೆ ಹೋಗಬೇಡಿ. ಕರಡಿ ಓಡಾಡೋ ಜಾಗ, ನಸುಕಿನಲ್ಲೂ ಮುಸ್ಸಂಜೆಯಲ್ಲೂ ಬೇಡವೇ ಬೇಡ.