ಕೋತಿಗಳನ್ನು ಹಿಡಿದು ದೂರ ಬಿಡುವುದು ಪರಿಹಾರವಲ್ಲ

ಮಾನ್ಯ ಸಂಪಾದಕರೇ,

ಕೋತಿ ಕಾಟದ ಸುದ್ದಿಗಳು ಸಾಮಾನ್ಯವಾಗಿ ಒಂದೇ ಥರ ಮುಗಿಯುತ್ತವೆ. ಬೋನಿಟ್ಟು ಇಷ್ಟು ಕೋತಿಗಳನ್ನು ಹಿಡಿದರು, ದೂರದ ಕಾಡಿಗೆ ಬಿಟ್ಟು ಬಂದರು, ಜನ ನಿಟ್ಟುಸಿರು ಬಿಟ್ಟರು. ಓದಿದವರಿಗೂ ಒಳ್ಳೆಯ ಕೆಲಸವಾಯಿತು ಅನ್ನಿಸುತ್ತದೆ. ನನ್ನ ತಕರಾರು ಅಲ್ಲೇ ಇರುವುದು. ಈ ಪ್ರಾಣಿಗಳು ಹೇಗೆ ಬದುಕುತ್ತವೆ ಎಂದು ಸ್ವಲ್ಪ ತಿಳಿದುಕೊಂಡರೂ ಸಾಕು, ಹಿಡಿದು ಸಾಗಿಸುವುದರಿಂದ ಯಾರಿಗೂ ಲಾಭವಿಲ್ಲ ಎಂದು ಗೊತ್ತಾಗುತ್ತದೆ.

ಮನುಷ್ಯರ ಜೊತೆ ಹೀಗೆ ಜಗಳಕ್ಕೆ ಬೀಳುವ ಕೋತಿಗಳು ಬಹುಪಾಲು ಮಕಾಕ್ ಬಳಗದವು. ಇದರಲ್ಲಿ 20ಕ್ಕೂ ಜಾಸ್ತಿ ಜಾತಿಗಳಿವೆ. ಉತ್ತರ ಆಫ್ರಿಕದ ಬಾರ್ಬರಿ ಮಕಾಕ್ ಒಂದನ್ನು ಬಿಟ್ಟರೆ ಉಳಿದವೆಲ್ಲ ಏಷ್ಯಾದವು. ರೀಸಸ್ ಕೋತಿ, ದಕ್ಷಿಣ ಭಾರತದ ಬಾನೆಟ್ ಕೋತಿ, ಪಶ್ಚಿಮ ಘಟ್ಟದ ಸಿಂಗಳೀಕ, ಜಪಾನಿನ ಹಿಮದಲ್ಲಿ ಬದುಕುವ ಕೋತಿ ಎಲ್ಲವೂ ಇದೇ ಬಳಗ.

ಇವುಗಳ ಗುಂಪು ಎಂದರೆ ತಾಯಂದಿರ ಸಂಸಾರ. ಹೆಣ್ಣುಗಳು ಹುಟ್ಟಿದ ಗುಂಪಿನಲ್ಲೇ ಕೊನೆತನಕ ಇರುತ್ತವೆ. ಗಂಡುಗಳು ಪ್ರಾಯಕ್ಕೆ ಬಂದ ಮೇಲೆ ಸಾಮಾನ್ಯವಾಗಿ ಬೇರೆ ಗುಂಪು ಹುಡುಕಿಕೊಂಡು ಹೋಗುತ್ತವೆ. ಗುಂಪಿನಲ್ಲಿ ಮಗಳ ಸ್ಥಾನ ತಾಯಿಯದಕ್ಕಿಂತ ಒಂದೇ ಮೆಟ್ಟಿಲು ಕೆಳಗೆ. ರೀಸಸ್ ಮತ್ತು ಜಪಾನಿ ಕೋತಿಗಳಲ್ಲಿ ಅಕ್ಕನಿಗಿಂತ ತಂಗಿಯದೇ ಮೇಲುಗೈ, ಏಕೆಂದರೆ ಜಗಳ ಬಂದಾಗ ತಾಯಿ ಚಿಕ್ಕವಳ ಪರ ನಿಲ್ಲುತ್ತಾಳೆ. ಹಣ್ಣು ಉದುರಿದ ಮರದಡಿ ಒಂದು ಗುಂಪನ್ನು ತಾಳ್ಮೆಯಿಂದ ನೋಡಿ. ಪುಟ್ಟ ಹೆಣ್ಣು ಮರಿಯೊಂದು ನೆಟ್ಟಗೆ ನಡೆದು ಬರುತ್ತದೆ. ಅದಕ್ಕಿಂತ ಎಷ್ಟೋ ದೊಡ್ಡ ಹೆಣ್ಣು ಕೋತಿ ಎದ್ದು ಪಕ್ಕಕ್ಕೆ ಸರಿದು ಜಾಗ ಬಿಡುತ್ತದೆ. ಏನಪ್ಪಾ ಇದು ಎಂದು ಸುತ್ತ ಕಣ್ಣಾಡಿಸಿದರೆ, ನಾಲ್ಕು ಮಾರು ಆಚೆ ಮರಿಯ ಅಮ್ಮ ಕೂತಿರುತ್ತಾಳೆ! ಮಧ್ಯಾಹ್ನದ ಹೊತ್ತು ಒಂದರ ಬೆನ್ನಿನ ಕೂದಲನ್ನು ಇನ್ನೊಂದು ಬಿಡಿಸುತ್ತಾ ಕೂರುತ್ತವಲ್ಲ, ಅಲ್ಲೂ ಹೇನು ಹೆಕ್ಕುವುದರ ಜೊತೆಗೆ ಸ್ನೇಹ ಗಟ್ಟಿಯಾಗುತ್ತಿರುತ್ತದೆ. ನಾಳೆ ಯಾರು ಯಾರ ಬೆನ್ನಿಗೆ ನಿಲ್ಲುತ್ತಾರೆ ಅನ್ನುವುದು ಹೀಗೇ ತೀರ್ಮಾನವಾಗುವುದು.

ಬೋನಿಗೆ ಬೀಳುವುದು ಈ ಸಂಸಾರದ ಒಂದು ತುಂಡು. ಯಾವುದು ಮೊದಲು ಒಳಗೆ ನುಗ್ಗಿತೋ ಅದು. ತಾಯಿ ಒಳಗಾದರೆ ಮರಿ ಹೊರಗೆ ಉಳಿಯಬಹುದು. ಸುಮಾರು ಐದೂವರೆ ತಿಂಗಳು ಹೊತ್ತು ಹೆರುವುದು ಸಾಮಾನ್ಯವಾಗಿ ಒಂದೇ ಮರಿಯನ್ನು. ಅದು ತಿಂಗಳುಗಟ್ಟಲೆ ಅಮ್ಮನ ಹೊಟ್ಟೆಗೆ ಅಂಟಿಕೊಂಡೇ ಬೆಳೆಯಬೇಕು. ಅಮ್ಮ ಇಲ್ಲದ ಮರಿಯ ಗತಿ ಏನು ಎಂದು ಯಾವ ಸುದ್ದಿಯೂ ಹೇಳುವುದಿಲ್ಲ.

ಇನ್ನು ಬಿಟ್ಟು ಬಂದ ಕಾಡು. ಅದು ಖಾಲಿ ಜಾಗವಲ್ಲ, ಅಲ್ಲಿ ಬೇರೆ ಗುಂಪುಗಳು ನೆಲೆಸಿರುತ್ತವೆ. ಹೊಸಬರಿಗೆ ಅಲ್ಲಿನ ಮರ ಗೊತ್ತಿಲ್ಲ, ನೀರು ಗೊತ್ತಿಲ್ಲ. ಗೊತ್ತಿರುವುದು ಮನುಷ್ಯರ ಊಟ ಮಾತ್ರ. ಹಾಗಾಗಿ ಹತ್ತಿರದ ಊರಿಗೆ ಬಂದು ಸೇರುತ್ತವೆ. ಇತ್ತ ಹಳೆಯ ಜಾಗದಲ್ಲಿ ಕಸದ ರಾಶಿ ಹಾಗೇ ಇರುತ್ತದೆ, ಪಕ್ಕದ ಗುಂಪು ಬಂದು ತುಂಬಿಕೊಳ್ಳುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಒಂದು ಜಾತಿಯನ್ನು ಇನ್ನೊಂದು ಜಾತಿಯ ನೆಲೆಗೆ ತಂದು ಬಿಡುವುದು. ರೀಸಸ್ ಕೋತಿ ದಕ್ಷಿಣಕ್ಕೆ ಹಬ್ಬುತ್ತಿದ್ದಂತೆ ಬಾನೆಟ್ ಕೋತಿ ಹಿಂದೆ ಸರಿಯುತ್ತಿದೆ. ಬಾನೆಟ್ ಕೋತಿಗೆ ದಕ್ಷಿಣ ಭಾರತ ಬಿಟ್ಟರೆ ಪ್ರಪಂಚದಲ್ಲಿ ಬೇರೆ ಮನೆಯೇ ಇಲ್ಲ.

ಕೋತಿಗಳ ಕಳ್ಳತನವನ್ನು ಹುಟ್ಟುಗುಣ ಎಂದು ಬರೆಯುವುದೂ ತಪ್ಪು. ಇವು ಕಲಿಯುವ ಪ್ರಾಣಿಗಳು. ಜಪಾನಿನ ಕೊಶಿಮಾ ದ್ವೀಪದಲ್ಲಿ 1953ರಲ್ಲಿ ಇಮೊ ಎಂಬ ಒಂದೂವರೆ ವರ್ಷದ ಹೆಣ್ಣು ಕೋತಿ ಮರಳು ಮೆತ್ತಿದ ಗೆಣಸನ್ನು ನೀರಿನಲ್ಲಿ ತೊಳೆದು ತಿನ್ನಲು ಶುರುಮಾಡಿತು. ಜೊತೆಗೆ ಆಡುತ್ತಿದ್ದ ಮರಿಗಳು ಕಲಿತವು, ಅಮ್ಮ ಕಲಿತಳು, ಆಮೇಲೆ ಅದು ಗುಂಪಿನ ಪದ್ಧತಿಯೇ ಆಯಿತು. ಥಾಯ್ಲೆಂಡಿನ ಕಡಲಂಚಿನಲ್ಲಿ ಉದ್ದಬಾಲದ ಮಕಾಕ್‌ಗಳು ಕಲ್ಲು ಹಿಡಿದು ಸಿಂಪಿ ಒಡೆಯುತ್ತವೆ. ಅದೇ ಜಾತಿಯ ಕೋತಿಗಳು ಬಾಲಿಯ ಉಲುವಾಟು ದೇವಸ್ಥಾನದಲ್ಲಿ ಪ್ರವಾಸಿಗರ ಕನ್ನಡಕ, ಫೋನು ಕಿತ್ತುಕೊಂಡು, ತಿಂಡಿ ಕೊಟ್ಟರೆ ಮಾತ್ರ ವಾಪಸು ಕೊಡುತ್ತವೆ. ಯಾವ ವಸ್ತುವಿಗೆ ಬೆಲೆ ಜಾಸ್ತಿ ಎನ್ನುವುದು ಬೆಳೆದ ಕೋತಿಗಳಿಗೆ ಗೊತ್ತು, ಮರಿಗಳಿಗೆ ಗೊತ್ತಿರುವುದಿಲ್ಲ. ವರ್ಷಗಟ್ಟಲೆ ನೋಡಿ ನೋಡಿ ಬಂದ ವಿದ್ಯೆ ಅದು, ಮತ್ತೆ ಅದನ್ನು ಕಲಿಸಿದವರು ತಿಂಡಿ ಚಾಚಿದ ನಾವೇ ಅಲ್ವಾ?

ಕಾಡಿನಲ್ಲಿ ಇದೇ ಪ್ರಾಣಿ ಕೆನ್ನೆಚೀಲದ ತುಂಬ ಹಣ್ಣು ತುರುಕಿಕೊಂಡು ದೂರ ಹೋಗಿ ಕೂತು ತಿಂದು ಬೀಜ ಉಗುಳುತ್ತದೆ. ಎಷ್ಟೋ ಮರಗಳು ಹಬ್ಬುವುದಕ್ಕೆ ಅದು ನೆರವು. ಎಲ್ಲೆಲ್ಲೂ ಕಾಣುತ್ತವೆ, ಹಾಗಾಗಿ ಬೇಕಾದಷ್ಟಿವೆ ಎಂದುಕೊಳ್ಳುವುದೂ ಬೇಡ. ರಸ್ತೆಬದಿಯಲ್ಲಿ ಹಿಂಡುಗಟ್ಟಲೆ ಕಾಣುವ ಉದ್ದಬಾಲದ ಮಕಾಕ್ ಅನ್ನು ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್ 2022ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿಸಿತು.

ಹಾಗಾದರೆ ಜನ ಕಚ್ಚಿಸಿಕೊಂಡು, ಬೆಳೆ ಕಳೆದುಕೊಂಡು ಸುಮ್ನೆ ಇರಬೇಕಾ? ಖಂಡಿತ ಬೇಡ. ಅವರ ಸಿಟ್ಟು ನ್ಯಾಯವಾದದ್ದೇ. ಹಾಂಗ್‌ಕಾಂಗ್‌ನಲ್ಲಿ 1999ರಿಂದ ಕೋತಿಗಳಿಗೆ ತಿಂಡಿ ಹಾಕುವುದಕ್ಕೆ ನಿಷೇಧವಿದೆ, 2007ರಿಂದ ಸಂತಾನ ನಿಯಂತ್ರಣವನ್ನೂ ಮಾಡುತ್ತಿದ್ದಾರೆ. ಹುಟ್ಟುವ ಮರಿಗಳ ಪ್ರಮಾಣ ತಗ್ಗಿದೆ. ನಿಧಾನದ ಕೆಲಸ, ಫೋಟೋ ಹಾಕುವಂಥ ಗೆಲುವು ಅದರಲ್ಲಿಲ್ಲ. ಆದರೆ ಕಸದ ಬಾಯಿ ಮುಚ್ಚದೆ, ತಿಂಡಿ ಹಾಕುವ ಕೈ ನಿಲ್ಲದೆ ಬೇರೆ ಏನು ಮಾಡಿದರೂ ಮತ್ತೆ ಮೊದಲಿನ ಸ್ಥಿತಿಗೇ ಬರುತ್ತೇವೆ.

ಫೋಟೋಗಳ ಬಗ್ಗೆಯೂ ಒಂದು ಮಾತು. ಹಲ್ಲು ಕಿರಿದ ಕೋತಿ ನಗುತ್ತಿಲ್ಲ, ಅದು ಹೆದರಿದೆ. ಬಾಯಿ ದುಂಡಗೆ ತೆರೆದು ದಿಟ್ಟಿಸುತ್ತಿದ್ದರೆ ಅದು ಎಚ್ಚರಿಕೆ. ಬಾರ್ಬರಿ ಮಕಾಕ್‌ಗಳ ಮುಖಭಾವದ ಚಿತ್ರಗಳನ್ನು ತೋರಿಸಿ ನಡೆಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಇವುಗಳನ್ನು ಕಂಡು ಅಭ್ಯಾಸವಿಲ್ಲದವರು ಬೆದರಿಸುವ ಮುಖವನ್ನೂ ಸ್ನೇಹದ ಮುಖ ಎಂದು ತಪ್ಪಾಗಿ ಓದಿದ್ದರು. ಚಿತ್ರದ ಕೆಳಗೆ ‘ಕೋತಿಯ ನಗು’ ಎಂದು ಬರೆದರೆ, ಅದನ್ನು ನಂಬಿ ಹತ್ತಿರ ಹೋಗುವ ಮಗು ಕಚ್ಚಿಸಿಕೊಳ್ಳುತ್ತದೆ.

ಸಂಪಾದಕರೇ, ನಿಮ್ಮ ವರದಿಗಾರರಲ್ಲಿ ನನ್ನದೊಂದು ವಿನಂತಿ. ಮುಂದೆ ಕೋತಿ ಹಿಡಿದ ಸುದ್ದಿ ಬಂದಾಗ ಸಂಖ್ಯೆ ಬರೆದುಕೊಂಡು ಹೊರಡಬೇಡಿ. ಇಡೀ ಗುಂಪನ್ನು ಹಿಡಿದಿರಾ ಎಂದು ಕೇಳಿ. ಬಿಟ್ಟ ಕಡೆ ಮೊದಲೇ ಯಾವ ಜಾತಿಯ ಕೋತಿಗಳಿದ್ದವು ಎಂದು ಕೇಳಿ. ಆರು ತಿಂಗಳು ಬಿಟ್ಟು ಎರಡೂ ಜಾಗಕ್ಕೆ ಹೋಗಿ ನೋಡಿ ಬಂದು, ಕಂಡದ್ದನ್ನು ಅದೇ ಪುಟದಲ್ಲಿ ಬರೆಯಿರಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ